ಫೋನಿನ ಕೀಲಿ ಯಾರ ಕೈಯಾಗ? (ಭಾಗ 7)

ಹೋದ ತಿಂಗಳ ನಮ್ಮ ಕಾಕಾನ ವಾಟ್ಸಾಪ್‌ಗೆ ಒಂದು ಮದುವಿ ಕಾರ್ಡ್ ಬಂತು. ಫೋಟೋ ಅಲ್ಲ, ಪಿಡಿಎಫ್ ಅಲ್ಲ. ಎಪಿಕೆ, ಅಂದ್ರ ಆಂಡ್ರಾಯ್ಡ್ ಆ್ಯಪಿನ ಫೈಲು. ಫೋನು ಎಚ್ಚರಿಕೆ ಕೊಟ್ಟಿತು, ಕಾಕಾ ಎಲ್ಲಾದಕ್ಕೂ ‘ಅಲೋ’ ಒತ್ತಿದ. ಮರುದಿನ ಗೊಬ್ಬರಕ್ಕಂತ ಇಟ್ಟಿದ್ದ ರೊಕ್ಕ ಖಾತೇದಾಗ ಇರಲಿಲ್ಲ. ಒಟಿಪಿ ಅಂವ ಯಾರಿಗೂ ಹೇಳಿರಲಿಲ್ಲ. ಮೆಸೇಜ್ ಓದೋ ಪರ್ಮಿಷನ್ ಆ ಆ್ಯಪಿಗೇ ಸಿಕ್ಕಿತ್ತು. 1930ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ಕೊಟ್ವಿ. ಆಮ್ಯಾಲೆ ಕಲಘಟಗಿ ಬಸ್‌ಸ್ಟ್ಯಾಂಡಿನಾಗ ಕುಂತಾಗ ಕಾಕಾ ಕೇಳಿದ: “ಇಂಥಾವನ್ನ ಹಾಕ್ಕೊಳ್ಳಾಕ ಫೋನು ಬಿಡೋದರ ಯಾಕಲೇ?”

ಪ್ರಶ್ನೆ ಹಳೇದು. 2004ರಲ್ಲಿ ಸಿಂಬಿಯನ್ ಫೋನುಗಳಿಗೆ ಕ್ಯಾಬಿರ್ ಅನ್ನೋ ವೈರಸ್ ಬಂತು. ಬ್ಲೂಟೂತ್‌ನಾಗ ಹರಡತಿತ್ತು, ಆದ್ರ ಪ್ರತಿ ಸಲ ‘ಇನ್‌ಸ್ಟಾಲ್ ಮಾಡಲೇನು?’ ಅಂತ ಕೇಳತಿತ್ತು. ಮಂದಿ ಹೂಂ ಅಂದ್ರು! ಮುಂದೆ ಸಿಂಬಿಯನ್ 9ರಿಂದ ಆ್ಯಪಿಗೆ ಡಿಜಿಟಲ್ ಸಹಿ ಬೇಕಾಯ್ತು. ‘ಸರ್ಟಿಫಿಕೇಟ್ ಎಕ್ಸ್‌ಪೈರ್ಡ್’ ಅಂತ ಬಂದ್ರ ನೋಕಿಯಾದಾಗ ತಾರೀಖು ಹಿಂದಕ್ಕ ಇಟ್ಟು ಇನ್‌ಸ್ಟಾಲ್ ಮಾಡ್ತಿದ್ರು. ನಿಮ್ಮ ಅಣ್ಣಂದಿರನ್ನ ಕೇಳಿ ನೋಡ್ರಿ.

2008ರಲ್ಲಿ ಎರಡು ದಾರಿ ಆದವು. ಐಫೋನಿನ ಆ್ಯಪ್ ಸ್ಟೋರ್ ಶುರುವಾಯ್ತು. ಆ್ಯಪಲ್ ಒಪ್ಪಿದ್ದಷ್ಟೇ ಒಳಗ. ಅದೇ ವರ್ಷ ಬಂದ ಆಂಡ್ರಾಯ್ಡ್ ‘ಅನ್‌ನೋನ್ ಸೋರ್ಸಸ್’ ಅಂತ ಒಂದು ಟಿಕ್ ಮಾರ್ಕನ್ನು ಮಾಲೀಕನ ಕೈಗೆ ಬಿಟ್ಟಿತು. (2020ರಾಗ ಪಬ್‌ಜಿ ಬ್ಯಾನ್ ಆದಮ್ಯಾಲೆ ಆ ಟಿಕ್ ಮಾರ್ಕ್ ಯಾರ್ಯಾರಿಗೆ ನೆನಪಾತು ಅಂತ ನಾ ಇಲ್ಲಿ ಬರೆಯೂದಿಲ್ಲ.)

ನಮ್ಮ ದೇಶದಾಗೂ ಜಗಳ ನಡೀತು. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಕೊಡೋದಕ್ಕೆ ಅಡ್ಡಿ ಮಾಡಬಾರದು ಅಂತಲೂ ಹೇಳಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನ ಉಳಿಸಿ, ಆ ಮಾತನ್ನ ತೆಗೆದುಹಾಕಿತು.

2025ರ ಆಗಸ್ಟ್‌ನಲ್ಲಿ ಗೂಗಲ್ ಇನ್ನೊಂದು ಘೋಷಣೆ ಮಾಡಿತು: ಗುರುತು ತೋರಿಸದ ಡೆವಲಪರ್‌ಗಳ ಆ್ಯಪ್ ಸರ್ಟಿಫೈಡ್ ಆಂಡ್ರಾಯ್ಡ್ ಫೋನಿನಲ್ಲಿ ಇನ್‌ಸ್ಟಾಲ್ ಆಗೋದಿಲ್ಲ. ಮೊದಲು 2026ರ ಸೆಪ್ಟೆಂಬರ್‌ನಿಂದ ನಾಲ್ಕು ದೇಶ, 2027ರಿಂದ ಉಳಿದ ಕಡೆ. ಹೊರಗಿಂದ ಬರೋ ಆ್ಯಪ್‌ಗಳಲ್ಲಿ ಪ್ಲೇ ಸ್ಟೋರಿಗಿಂತ 50 ಪಟ್ಟು ಹೆಚ್ಚು ಮಾಲ್‌ವೇರ್ ಅನ್ನೋದು ಅವರ ಲೆಕ್ಕ. ವಿರೋಧ ಬಂದಮ್ಯಾಲೆ ನವೆಂಬರ್‌ನಲ್ಲಿ, ತಿಳಿದವರಿಗೆ ಬ್ಯಾರೆ ದಾರಿ ಇಡ್ತೀವಿ, ವಿದ್ಯಾರ್ಥಿಗಳಿಗೆ ಬ್ಯಾರೆ ಖಾತೆ ಕೊಡ್ತೀವಿ ಅಂದ್ರು.

ನನಗ ಅನ್ಸೋದು, ಕಾಕಾನ ರೊಕ್ಕ ಹೋಗಿದ್ದು ಆ್ಯಪ್ ಹಾಕಿದ್ದಕ್ಕಲ್ಲ, ಅದು ಮೆಸೇಜ್ ಓದಿದ್ದಕ್ಕ. ಕೀಲಿ ಹಾಕೋದಾದ್ರ ಅಲ್ಲಿ ಹಾಕಲಿ. ಆಂಡ್ರಾಯ್ಡ್ 13 ಈ ದಾರಿಯನ್ನ ಸ್ವಲ್ಪ ಹಿಡಿದಿತ್ತು: ಹೊರಗಿಂದ ಬಂದ ಆ್ಯಪಿಗೆ ಆ್ಯಕ್ಸೆಸಿಬಿಲಿಟಿ ಪರ್ಮಿಷನ್ ಸಲೀಸಾಗಿ ಸಿಗದಂಗ ಮಾಡಿತು.

ನಮ್ಮ ಕ್ಲಾಸಿನ ಒಬ್ಬಾಂವ ಹುಬ್ಬಳ್ಳಿ ಬಸ್ಸಿನ ಟೈಮ್ ತೋರಿಸೋ ಸಣ್ಣ ಆ್ಯಪ್ ಮಾಡ್ಯಾನ. ಪ್ಲೇ ಸ್ಟೋರಿನಾಗ ಇಲ್ಲ, ಬ್ಲೂಟೂತ್‌ನಾಗ ಕೊಡ್ತಾನ. ಅದು ಯಾವ ಪರ್ಮಿಷನ್ನೂ ಕೇಳೂದಿಲ್ಲ. ಕಾಕಾ ಈಗ ಯಾವ ಮದುವಿ ಕಾರ್ಡೂ ತೆಗಿಯೂದಿಲ್ಲ, ಫೋನ್ ಮಾಡಿ ಕರದ್ರಷ್ಟ ಹೋಗ್ತಾನ. ಬಸ್ಸಿನ ಆ್ಯಪ್ ಮಾತ್ರ ಇಟ್ಕೊಂಡಾನ.

#ಕಲಘಟಗಿ #ಫೋನಿನ_ಇತಿಹಾಸ