ಮೆಮೊರಿ ಹೆಚ್ಚಾಗಿ ನಿಂತುಹೋದ ತಂತ್ರಾಂಶ



2014ರ ಬೇಸಿಗೆಯ ಒಂದು ಮಧ್ಯಾಹ್ನ, ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಯಚೂರಿನ ನಮ್ಮ ಮನೆಗೆ ಬಂದಳು. ಮಾನ್ವಿಯಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದವಳು. ಸಂವಿಧಾನದ 98ನೆಯ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ವಿಧಿಯ ಮೀಸಲಾತಿ ದೊರೆತು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ತಾನು ಈ ನೆಲದವಳೆಂದು ತೋರಿಸಲು ಆಕೆಗೆ ವ್ಯಾಸಂಗ ಪ್ರಮಾಣಪತ್ರ ಬೇಕಾಗಿತ್ತು. ನೌಕರಿಯ ಅರ್ಜಿಗೆ ಒಂದು ವಾರವಷ್ಟೇ ಉಳಿದಿತ್ತು. ಆದರೆ 2009ರ ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಶಾಲೆಯ ದಾಖಲಾತಿ ವಹಿಗಳು ನೆನೆದು, ಒಣಗಿದ ಮೇಲೆ ಹಾಳೆಗೆ ಹಾಳೆ ಅಂಟಿಕೊಂಡು ಹಲಗೆಯಂತಾಗಿದ್ದವು.

“ಸರ್, ನನ್ನ ಹೆಸರು ನಿಮ್ಮ ಕಂಪ್ಯೂಟರಿನ್ಯಾಗಾದ್ರೂ ಉಳಿದೈತೇನ್ರಿ?” ಎಂದು ಆಕೆ ಕೇಳಿದಾಗ ನನಗೆ ಹಳೆಯದೆಲ್ಲ ನೆನಪಾಯಿತು.

1990ರ ದಶಕದ ಕೊನೆಯಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಬಂದಾಗ, ಊರಿನ ತರಬೇತಿ ಕೇಂದ್ರದ ಹುಡುಗನೊಬ್ಬ ಫಾಕ್ಸ್‌ಪ್ರೋದಲ್ಲಿ ದಾಖಲಾತಿಯ ತಂತ್ರಾಂಶವೊಂದನ್ನು ಬರೆದುಕೊಟ್ಟಿದ್ದ. ಸಂಜೆಯ ಹೊತ್ತು ಕುಳಿತು ವಹಿಯಲ್ಲಿದ್ದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದವನು ನಾನೇ.

ಈ ಫಾಕ್ಸ್‌ಪ್ರೋದ ವಂಶಾವಳಿ ಸ್ವಾರಸ್ಯಕರವಾದುದು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವೇಯ್ನ್ ರಾಟ್ಲಿಫ್ ಎಂಬವರು 1970ರ ದಶಕದ ಕೊನೆಯಲ್ಲಿ ‘ವಲ್ಕನ್’ ಎಂಬ ದತ್ತಾಂಶ ತಂತ್ರಾಂಶವನ್ನು ಬರೆದರು. ಅದೇ ಮುಂದೆ ‘ಡಿಬೇಸ್’ ಎಂಬ ಹೆಸರಿನಿಂದ ಮಾರಾಟವಾಯಿತು. ಅದೇ ಭಾಷೆಯನ್ನು ಅದಕ್ಕಿಂತ ಚುರುಕಾಗಿ ನಡೆಸಬಲ್ಲ ಫಾಕ್ಸ್‌ಪ್ರೋ 1989ರಲ್ಲಿ ಬಂದಿತು. 1992ರಲ್ಲಿ ಫಾಕ್ಸ್ ಸಂಸ್ಥೆ ಮೈಕ್ರೋಸಾಫ್ಟಿನೊಳಗೆ ಸೇರಿತು. ನಮ್ಮ ದೇಶದ ಸಣ್ಣ ಕಚೇರಿ, ಅಂಗಡಿ, ಶಾಲೆಗಳ ಲೆಕ್ಕಪತ್ರಗಳೆಷ್ಟೋ ಇದರಲ್ಲಿಯೇ ಕುಳಿತವು.

ಆ ಕಾಲದ ಡಾಸ್ ವ್ಯವಸ್ಥೆಯಲ್ಲಿ ತಂತ್ರಾಂಶಕ್ಕೆ ದೊರೆಯುತ್ತಿದ್ದ ಮೆಮೊರಿ 640 ಕಿಲೋಬೈಟ್ ಮಾತ್ರ. ಅದಕ್ಕೂ ಮೇಲಿನ ಮೆಮೊರಿಯನ್ನು ಮುಟ್ಟಬೇಕಾದರೆ ನಾನಾ ಉಪಾಯಗಳನ್ನು ಹೂಡಬೇಕಾಗುತ್ತಿತ್ತು. ಕಡುಬಡತನದಲ್ಲಿ ಸಂಸಾರ ತೂಗಿಸುವ ಗೃಹಿಣಿಯ ಹಾಗೆ ಅಂದಿನ ತಂತ್ರಾಂಶಗಳು ಪ್ರತಿಯೊಂದು ಬೈಟನ್ನೂ ಎಣಿಸಿ ಬಳಸುತ್ತಿದ್ದವು. ವಿಪರ್ಯಾಸವೆಂದರೆ, ಅವು ಮುಂದೆ ಕೆಟ್ಟುನಿಂತದ್ದು ಬಡತನದಿಂದಲ್ಲ, ಸಿರಿಯಿಂದ.

ಮೊದಲು ಕಾಡಿದ್ದು ವೇಗ. ಅಂದಿನ ಕೆಲವು ತಂತ್ರಾಂಶಗಳು ಪ್ರಾರಂಭದಲ್ಲಿ ಒಂದು ಸಣ್ಣ ಎಣಿಕೆಯನ್ನು ನಡೆಸಿ, ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿ, ಯಂತ್ರದ ವೇಗವನ್ನು ಅಳೆದುಕೊಳ್ಳುತ್ತಿದ್ದವು. ಹೊಸ ಯಂತ್ರಗಳಲ್ಲಿ ಎಣಿಕೆ ಎಷ್ಟು ಬೇಗ ಮುಗಿಯಿತೆಂದರೆ ಕಾಲ ಸೊನ್ನೆಯೆಂದೇ ಬಂದಿತು. ಸೊನ್ನೆಯಿಂದ ಭಾಗಿಸಲಾಗದು ಎಂಬುದನ್ನು ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವಷ್ಟೆ! ಯಂತ್ರವೂ ಅಲ್ಲಿಯೇ ನಿಂತಿತು. ಆ ದೋಷಕ್ಕೆ ತಿದ್ದುಪಡಿಯ ಕಡತ ಬಂದಿತು, ನಾವೂ ಹಾಕಿಕೊಂಡೆವು.

ಎರಡನೆಯದು ಮೆಮೊರಿಯ ತೊಡಕು. ವಿದ್ಯಾರ್ಥಿನಿ ಬಂದ ಮರುದಿನ ನಾನು ಮಾನ್ವಿಗೆ ಹೋಗಿ, ಶಾಲೆಯ ಹೊಸ ಕಂಪ್ಯೂಟರಿನಲ್ಲಿ ಹಳೆಯ ತಂತ್ರಾಂಶವನ್ನು ತೆರೆಯಲು ಯತ್ನಿಸಿದೆ. ‘ಮೆಮೊರಿ ಸಾಲದು’ ಎಂಬ ಅರ್ಥದ ಒಂದು ಸಾಲು ತೋರಿ ಪರದೆ ಮುಚ್ಚಿಹೋಯಿತು. ಹಳೆಯ ಯಂತ್ರಕ್ಕಿಂತ ನೂರಾರು ಪಟ್ಟು ಮೆಮೊರಿಯುಳ್ಳ ಯಂತ್ರ ಹೀಗೆ ಹೇಳುವುದೆಂದರೇನು? ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟಿದ್ದ ಇನ್ನೊಬ್ಬ ಶಿಷ್ಯನನ್ನು ಕರೆಸಿದೆ. ಆತ ನೋಡಿ ನಕ್ಕು, “ಸರ್, ಮೆಮೊರಿ ಕಡಿಮಿ ಆಗಿಲ್ರಿ, ಹೆಚ್ಚಾಗೈತ್ರಿ” ಎಂದ.

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವಹಿಯಲ್ಲಿ ನಾಲ್ಕೇ ಅಂಕಿಗಳಿಗೆ ಮನೆ ಹಾಕಿದ್ದರೆ 9,999ರ ಮುಂದಿನ ಸಂಖ್ಯೆ 0000 ಎಂದು ಕಾಣುತ್ತದೆ. ಹಾಗೆಯೇ 16 ಬಿಟ್‌ಗಳ ಮನೆಯಲ್ಲಿ 65,535ರ ಮುಂದಿನದು ಸೊನ್ನೆ. ತನ್ನ ಕಾಲದಲ್ಲಿ ಊಹಿಸಲಾಗದಷ್ಟು ಮೆಮೊರಿಯನ್ನು ಎಣಿಸಹೊರಟ ಹಳೆಯ ತಂತ್ರಾಂಶಕ್ಕೆ ಸಮೃದ್ಧಿಯೇ ಅಭಾವವಾಗಿ ತೋರುತ್ತದೆ.

ಪರಿಹಾರ ಸರಳವಾಗಿತ್ತು. ಆ ತಂತ್ರಾಂಶದ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದರೆ ಮೆಮೊರಿ ಎಂಬ ಪುಟವಿತ್ತು. ಅಲ್ಲಿ ಇಎಂಎಸ್, ಎಕ್ಸ್‌ಎಂಎಸ್, ಡಿಪಿಎಂಐ ಎಂಬ ಮೂರು ಮನೆಗಳು. ‘ಆಟೋ’ ಎಂದಿದ್ದುದನ್ನು ತೆಗೆದು ಅವನು ಸಣ್ಣ ಮಿತಿಗಳನ್ನು ನಿಗದಿಮಾಡಿದ. ಏಕಕಾಲಕ್ಕೆ ತೆರೆಯಬಹುದಾದ ಫೈಲುಗಳ ಸಂಖ್ಯೆಯನ್ನು ಕಾನ್ಫಿಗ್ ಡಾಟ್ ಎನ್‌ಟಿ ಎಂಬ ಕಡತದಲ್ಲಿ ಹೆಚ್ಚಿಸಿದ. ಸಿರಿವಂತ ಯಂತ್ರ ಬಡವನ ವೇಷ ಹಾಕಿತು, ನೀಲಿ ಪರದೆ ಮೇಲೆದ್ದಿತು. ಹುಡುಗಿಯ ಹೆಸರು, ದಾಖಲಾತಿ ಸಂಖ್ಯೆ, ಸೇರಿದ ದಿನಾಂಕ ಎಲ್ಲವೂ ಇದ್ದವು. ಆ ಸಂಖ್ಯೆಯ ಸುಳಿವು ಹಿಡಿದು, ವಹಿಯ ಅದೊಂದೇ ಹಾಳೆಯನ್ನು ಎರಡು ದಿನ ನಿಧಾನವಾಗಿ ಬಿಡಿಸಿದೆವು. ಮಸಿ ಹರಡಿದ್ದರೂ ಸಾಲು ಓದಲು ಬರುತ್ತಿತ್ತು. ಪ್ರಮಾಣಪತ್ರ ಸಿದ್ಧವಾಯಿತು.

ಆಮೇಲೆ ಶಿಷ್ಯ ಇನ್ನೊಂದು ಸಂಗತಿ ತೋರಿಸಿದ. ಡಿಬಿಎಫ್ ಕಡತದ ತಲೆಯಲ್ಲಿ ಎಷ್ಟು ದಾಖಲೆಗಳಿವೆ, ಯಾವ ಅಂಕಣ ಎಷ್ಟು ಅಗಲ ಎಂಬ ವಿವರವಿರುತ್ತದೆ. ಅದರ ಮುಂದೆ ಹೆಸರುಗಳೆಲ್ಲ ಸಾದಾ ಅಕ್ಷರಗಳಲ್ಲಿಯೇ ಇರುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಕಾಣುತ್ತವೆ. ಸತ್ತದ್ದು ಓದುವ ತಂತ್ರಾಂಶ, ದಾಖಲೆಯಲ್ಲ. ಅದನ್ನು ಬೇರೊಂದು ಸರಳ ರೂಪದಲ್ಲಿ ತೆಗೆದಿಡದೆ ಇದ್ದ ತಪ್ಪು ನಮ್ಮದೇ.

ಇದು ನಮ್ಮ ಜಿಲ್ಲೆಗೆ ಹೊಸ ಪಾಠವೇನಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಮೀರಿ ಹಾಗೆಯೇ ಇತ್ತು. ಆದರೆ ಬ್ರಾಹ್ಮಿಯನ್ನು ಓದುವ ವಿದ್ಯೆ ನಡುವೆ ಕಳೆದುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ್ದರಿಂದಲೇ, 1915ರಲ್ಲಿ ಮಸ್ಕಿಯ ಶಾಸನ ಸಿಕ್ಕಾಗ ಅದನ್ನು ಓದಲಾಯಿತು. ನಿಜಾಮರ ಆಳ್ವಿಕೆಯ ಉರ್ದು ಕಾಗದಗಳ ಗತಿಯೂ ಅಷ್ಟೆ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಕಲಿತ ತಲೆಮಾರುಗಳಿಗೆ, ಅಜ್ಜನ ಹೊಲದ ಪತ್ರ ಮನೆಯಲ್ಲಿದ್ದರೂ ಓದಿಸಲು ಉರ್ದು ಬಲ್ಲ ಹಿರಿಯರನ್ನು ಹುಡುಕಬೇಕಾಯಿತು.

ಫಾಕ್ಸ್‌ಪ್ರೋದ ಉತ್ತರಾಧಿಕಾರಿಯಾದ ವಿಷುವಲ್ ಫಾಕ್ಸ್‌ಪ್ರೋಗೆ ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿಯೇ ಘೋಷಣೆಯಾಗಿತ್ತು. 2015ರ ಜನವರಿಯಲ್ಲಿ ಅದರ ಬೆಂಬಲವೂ ನಿಂತಿತು. ಇಂದಿನ 64 ಬಿಟ್ ವಿಂಡೋಸ್, ಡಾಸ್ ಕಾಲದ 16 ಬಿಟ್ ತಂತ್ರಾಂಶಗಳನ್ನು ನೇರವಾಗಿ ಓಡಿಸುವುದೇ ಇಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸಿನಂಥವುಗಳ ಮೊರೆಹೋಗಬೇಕು. ಶಾಲೆಯ ಪಟ್ಟಿಯನ್ನು ನಾವು ಆ ವಾರವೇ ಸಾದಾ ಪಠ್ಯವಾಗಿ ತೆಗೆದು, ಮುದ್ರಿಸಿ, ಯಾವ ಅಂಕಣದಲ್ಲಿ ಏನಿದೆಯೆಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಅದಕ್ಕೆ ಹೊಲಿದಿಟ್ಟೆವು.

ನಿಮ್ಮ ಸಂಘ, ಶಾಲೆ, ಅಂಗಡಿಗಳ ಹಳೆಯ ಕಂಪ್ಯೂಟರಿನಲ್ಲೂ ಯಾರದೋ ಹೆಸರು ಹೀಗೆ ಕಾದು ಕುಳಿತಿರಬಹುದು. ಯಾರಾದರೂ ಬಂದು ಕೇಳುವ ಮುನ್ನವೇ ಒಮ್ಮೆ ತೆರೆದು ನೋಡಿರಿ.