ಕೊಡಿಗೇನಹಳ್ಳಿ ಹೋಬಳಿ: ವಿವಿಧ ಉದ್ಯಮಗಳಲ್ಲಿನ ವೃತ್ತಿ ಅವಕಾಶಗಳು

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯು ಜಯಮಂಗಲಿ ನದಿಯ ಸೀಮೆಯಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿರುವ ಹೋಬಳಿ ಕೇಂದ್ರವಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಇದು ಒಳಪಡುತ್ತದೆ. ಈ ಭಾಗದಲ್ಲಿ ಮಳೆಯಾಶ್ರಿತ ಕಡಲೆಕಾಯಿ ಬೇಸಾಯವು ಬಹಳ ಕುಟುಂಬಗಳ ಜೀವನಾಧಾರವಾಗಿದ್ದು, ಮಳೆ ಕೈಕೊಟ್ಟ ವರ್ಷಗಳಲ್ಲಿ ಯುವಜನರು ಬೆಂಗಳೂರಿಗೋ ಹಿಂದೂಪುರಕ್ಕೋ ಕೆಲಸ ಅರಸಿ ಹೋಗುವುದು ವಾಡಿಕೆ. ಎಸ್.ಎಸ್.ಎಲ್.ಸಿ. ನಂತರ ಯಾವ ತರಬೇತಿ ಪಡೆಯಬೇಕೆಂಬ ನಿರ್ಧಾರವು ಆದುದರಿಂದ ಇಲ್ಲಿ ಮಹತ್ವದ್ದಾಗಿರುತ್ತದೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಪ್ರದೇಶದಲ್ಲಿ ಸ್ಥಾಪಿತವಾದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ರೈತರ ಜಮೀನನ್ನು ಖರೀದಿಸದೆ, ಎಕರೆಗೆ ವಾರ್ಷಿಕ ರೂ. 21,000 ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆಯಲಾಯಿತು. ನಿರ್ಮಾಣ ಕಾಲದಲ್ಲಿ ಹೆಚ್ಚು ಜನರಿಗೆ ಕೆಲಸ ದೊರೆತರೂ, ಸೌರ ಘಟಕಗಳ ನಿರ್ವಹಣೆಗೆ ಕಡಿಮೆ ಕೆಲಸಗಾರರು ಸಾಕು. ಅದರಲ್ಲಿಯೂ ಫಲಕ ತೊಳೆಯುವ, ಹುಲ್ಲು ಕತ್ತರಿಸುವ ಹಾಗೂ ಕಾವಲು ಕಾಯುವ ಕೆಲಸಗಳೇ ಅಧಿಕ. ಹೀಗಿರುವಲ್ಲಿ ಸೌರ ಕ್ಷೇತ್ರವೊಂದನ್ನೇ ನಂಬಿ ಅಲ್ಪಾವಧಿ ತರಬೇತಿ ಪಡೆಯುವುದಕ್ಕಿಂತ ಐ.ಟಿ.ಐ.ನ ಎರಡು ವರ್ಷಗಳ ಎಲೆಕ್ಟ್ರೀಷಿಯನ್ ವೃತ್ತಿಯನ್ನು ಆಯ್ದುಕೊಳ್ಳುವುದು ಸೂಕ್ತ. ಈ ಪ್ರಮಾಣ ಪತ್ರವು ಸೌರ ಘಟಕಕ್ಕೂ, ಕಾರ್ಖಾನೆಗೂ, ಕಟ್ಟಡ ಕಾಮಗಾರಿಗೂ ಸಲ್ಲುತ್ತದೆ.

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಗುಬ್ಬಿ ತಾಲ್ಲೂಕಿನ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾಯಿತು. ಐ.ಟಿ.ಐ. ತೇರ್ಗಡೆಯಾದವರು 1961ರ ಶಿಶಿಕ್ಷು ಅಧಿನಿಯಮದಡಿ ಕಾರ್ಖಾನೆಗಳಲ್ಲಿ ಶಿಷ್ಯವೇತನ ಸಹಿತ ತರಬೇತಿ ಪಡೆಯಬಹುದು. ಆದರೆ ಇದು ಕಾಯಂ ನೌಕರಿಯಲ್ಲವೆಂಬುದನ್ನು ಅಭ್ಯರ್ಥಿಗಳೂ ಪೋಷಕರೂ ಗಮನಿಸತಕ್ಕದ್ದು.

ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ 2024ರ ಅಧಿಸೂಚನೆಯಂತೆ ಎಸ್.ಎಸ್.ಎಲ್.ಸಿ. ಅಂಕಗಳೇ ಆಯ್ಕೆಗೆ ಆಧಾರವಾಗಿದ್ದು, 8 ಮೀಟರ್ ವಿದ್ಯುತ್ ಕಂಬ ಹತ್ತುವ ಪರೀಕ್ಷೆ ಕಡ್ಡಾಯವಾಗಿತ್ತು.

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5 ಮೀಸಲಾತಿ ಇರುತ್ತದೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗೂ ಗ್ರಾಮೀಣ ಪ್ರದೇಶದಲ್ಲಿಯೇ ಓದಿರಬೇಕು. ಕೊಡಿಗೇನಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ ಪ್ರೌಢಶಾಲೆಗೆ ಮಧುಗಿರಿ ಪಟ್ಟಣಕ್ಕೆ ಹೋದ ವಿದ್ಯಾರ್ಥಿಗೆ ಈ ಸೌಲಭ್ಯ ದೊರೆಯುವುದಿಲ್ಲ. ಕನ್ನಡ ಮಾಧ್ಯಮದ ಮೀಸಲಾತಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ಎರಡೂ ಪ್ರಮಾಣ ಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ ಅಗತ್ಯ. ಗ್ರಾಮೀಣ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿಯೂ ಬೇಕು. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗಳು ಮೇಲುಸ್ತರಕ್ಕೆ ಸೇರಿಲ್ಲವೆಂಬ ಪ್ರಮಾಣ ಪತ್ರವನ್ನು ತಹಶೀಲ್ದಾರರಿಂದ ಪಡೆಯತಕ್ಕದ್ದು. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದ ನಂತರ ಪಡೆದ ಪ್ರಮಾಣ ಪತ್ರಗಳನ್ನು ಪರಿಗಣಿಸಲಾಗುವುದಿಲ್ಲವಾದ ಕಾರಣ, ಅಧಿಸೂಚನೆ ಹೊರಡುವುದಕ್ಕೆ ಮೊದಲೇ ಇವುಗಳನ್ನು ಸಿದ್ಧಪಡಿಸಿಟ್ಟುಕೊಳ್ಳುವುದು.