ಒಂದು ಪುಟ್ಟ ನಾಡಿನ ಕಾಂಕ್ರೀಟು ಶಾಸನ

ಶಾಸನವೆಂದರೆ ಕಲ್ಲಿನ ಮೇಲೆ ಕೊರೆದ ಬರಹವೆಂದೇ ನಮ್ಮ ತಿಳಿವಳಿಕೆ. ಬಹುಕಾಲ ಎಂ.ಎ. ತರಗತಿಗಳಲ್ಲಿ ಹಳಗನ್ನಡ ಶಾಸನಗಳ ಪಾಠ ಹೇಳಿದ ನನಗೆ ಯಾವುದಾದರೂ ದೊಡ್ಡ ಕಟ್ಟಡದ ವಿಷಯ ಬಂದಾಗ ಅದನ್ನೂ ಶಾಸನದಂತೆಯೇ ಓದುವ ಅಭ್ಯಾಸ ಅಂಟಿಕೊಂಡುಬಿಟ್ಟಿದೆ. ಇದನ್ನು ಹಾಕಿಸಿದವರು ಯಾರು? ಯಾವ ಸಂದರ್ಭದಲ್ಲಿ? ಯಾರಿಗೆ ಏನನ್ನು ಸಾರುವುದಕ್ಕಾಗಿ? ಈ ದಿನ ನಾನು ಓದಬಯಸುವುದು ಅಂಥ ಒಂದು ಕಾಂಕ್ರೀಟು ಶಾಸನವನ್ನು. ಅದು ಇರುವುದು ದಕ್ಷಿಣ ಅಮೆರಿಕದ ಉರುಗ್ವೆ ದೇಶದ ರಾಜಧಾನಿ ಮೊಂಟೆವಿಡಿಯೊ ನಗರದಲ್ಲಿ, ಹೆಸರು ಸೆಂತೆನಾರಿಯೊ. ಅದೊಂದು ಫುಟ್‌ಬಾಲ್ ಕ್ರೀಡಾಂಗಣ.

ಉರುಗ್ವೆ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಇಂದಿಗೂ ಅಲ್ಲಿನ ಜನಸಂಖ್ಯೆ ಸುಮಾರು 35 ಲಕ್ಷ, ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಒಂದು ಕಡೆ ಬ್ರೆಜಿಲ್, ಇನ್ನೊಂದು ಕಡೆ ಅರ್ಜೆಂಟೀನಾ. ಈ ಇಬ್ಬರು ದೈತ್ಯರ ಜಗಳದ ನಡುವೆ, 1828ರ ಒಪ್ಪಂದವೊಂದರ ಫಲವಾಗಿ ಹುಟ್ಟಿಕೊಂಡ ನಾಡು ಅದು. 1830ರ ಜುಲೈ 18ರಂದು ಅದರ ಮೊದಲ ಸಂವಿಧಾನಕ್ಕೆ ಜನ ಪ್ರಮಾಣಪೂರ್ವಕವಾಗಿ ನಿಷ್ಠೆ ಸಲ್ಲಿಸಿದರು. ಆ ದಿನಕ್ಕೆ ನೂರು ವರ್ಷ ತುಂಬಿದ್ದರ ನೆನಪಿಗೆ ಎದ್ದು ನಿಂತದ್ದೇ ಸೆಂತೆನಾರಿಯೊ. ಆ ಪದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಶತಮಾನೋತ್ಸವವೆಂದೇ ಅರ್ಥ. ಅದು ಯಾವ ದೊರೆಯ ಪಟ್ಟಾಭಿಷೇಕದ ಸ್ಮಾರಕವೂ ಅಲ್ಲ, ಯಾವ ಯುದ್ಧದ ಗೆಲುವಿನ ಸ್ಮಾರಕವೂ ಅಲ್ಲ. ಒಂದು ಸಂವಿಧಾನದ ಸ್ಮಾರಕ. ಈ ಮಾತನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಸಂವಿಧಾನದ ನೆನಪಿಗೆ ಆಟದ ಬಯಲೇಕೆ ಎಂದು ಕೇಳಬಹುದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎರಡು ಸಲ ಅಧ್ಯಕ್ಷರಾಗಿದ್ದ ಹೋಸೆ ಬಾತ್ಯೆ ಇ ಓರ್ದೊನ್ಯೆಸ್ ಎಂಬ ಧೀಮಂತ ರಾಜಕಾರಣಿಯ ಪ್ರಭಾವದಲ್ಲಿ ಆ ನಾಡು ಹೊಸ ದಾರಿ ತುಳಿಯಿತು. ಎಂಟು ಗಂಟೆಯ ದುಡಿಮೆಯ ಕಾನೂನು ಅಲ್ಲಿ 1915ರಲ್ಲೇ ಬಂತು. ಜನರ ವ್ಯಾಯಾಮ, ಆಟಪಾಠಗಳ ಹೊಣೆಯನ್ನು ಹೊತ್ತ ಸರ್ಕಾರಿ ಆಯೋಗವೊಂದು 1911ರಲ್ಲೇ ಸ್ಥಾಪನೆಯಾಯಿತು. ದುಡಿಯುವವನಿಗೆ ಬಿಡುವನ್ನು ಕೊಟ್ಟರೆ ಸಾಲದು, ಆಡಲು ಜಾಗವನ್ನೂ ಕೊಡಬೇಕೆಂಬ ತಿಳಿವಳಿಕೆ ಅದು. ಇಂಗ್ಲಿಷರು ತಂದ ಫುಟ್‌ಬಾಲ್ ಅಷ್ಟುಹೊತ್ತಿಗೆ ಬೀದಿಯ ಹುಡುಗರ ಸೊತ್ತಾಗಿಬಿಟ್ಟಿತ್ತು.

1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಉರುಗ್ವೆಯ ತಂಡ ಹೇಗಿತ್ತು? ನಾಯಕ ಹೋಸೆ ನಸಾಸಿ ಅಮೃತಶಿಲೆ ಕಡಿಯುವ ಕೆಲಸಗಾರ. ಪೇದ್ರೊ ಸೆಯಾ ಮನೆಮನೆಗೆ ಮಂಜುಗಡ್ಡೆ ಹಾಕುತ್ತಿದ್ದವನು. ಕರಿಯ ಆಟಗಾರ ಹೋಸೆ ಲೆಯಾಂದ್ರೊ ಅಂದ್ರಾದೆ ಜಾತ್ರೆಯ ಮೆರವಣಿಗೆಗಳಲ್ಲಿ ವಾದ್ಯ ನುಡಿಸುತ್ತಿದ್ದವನು. ಭೂಪಟದಲ್ಲಿ ಈ ದೇಶ ಎಲ್ಲಿದೆಯೆಂದು ಹುಡುಕಬೇಕಾಗಿದ್ದ ಯೂರೋಪಿನವರ ಕಣ್ಣೆದುರಿಗೆ, ಕೊಲೊಂಬ್ ಎಂಬಲ್ಲಿನ ಕ್ರೀಡಾಂಗಣದಲ್ಲಿ, ಇವರು ಅಂತಿಮ ಪಂದ್ಯದಲ್ಲಿ ಸ್ವಿಟ್ಜರ್ಲೆಂಡನ್ನು 3–0ರಿಂದ ಸೋಲಿಸಿದರು. ನಾಲ್ಕು ವರ್ಷಗಳ ಬಳಿಕ ಆಮ್‌ಸ್ಟರ್‌ಡಾಮಿನಲ್ಲಿ ಮತ್ತೆ ಚಿನ್ನ. ಹೀಗಾಗಿ ಮೊದಲ ವಿಶ್ವಕಪ್ಪನ್ನು ನಡೆಸುವ ಗೌರವ ಈ ಪುಟ್ಟ ನಾಡಿಗೆ ಒಲಿಯಿತು. ಬರುವ ತಂಡಗಳ ಪ್ರಯಾಣದ ಖರ್ಚನ್ನೂ ಊಟ ವಸತಿಯನ್ನೂ ತಾನೇ ಭರಿಸುವುದಾಗಿ ಉರುಗ್ವೆ ಹೇಳಿತು. ಆದರೂ ಯೂರೋಪಿನಿಂದ ಹಡಗು ಹತ್ತಿ ಬಂದವು ನಾಲ್ಕೇ ತಂಡಗಳು. ಒಟ್ಟು ಸೇರಿದವು ಹದಿಮೂರು.

ಕ್ರೀಡಾಂಗಣದ ನಕ್ಷೆ ಹಾಕಿದವರು ಹುವಾನ್ ಆಂತೋನಿಯೊ ಸ್ಕಾಸೊ ಎಂಬ ವಾಸ್ತುಶಿಲ್ಪಿ. ಕೆಲವೇ ತಿಂಗಳುಗಳಲ್ಲಿ ಮುಗಿಯಬೇಕಾದ ಕೆಲಸ; ರಾತ್ರಿ ದೀಪ ಹಾಕಿಕೊಂಡು ಪಾಳಿಯ ಮೇಲೆ ಕಾಂಕ್ರೀಟು ಸುರಿದರು. ಆದರೆ ಮಳೆ ಬಿಡಲಿಲ್ಲ. ಜುಲೈ 13ರಂದು ಪಂದ್ಯಾವಳಿ ಆರಂಭವಾದಾಗ ಕಟ್ಟಡ ಸಿದ್ಧವಾಗಿರಲಿಲ್ಲ. ಮೊದಲ ಪಂದ್ಯಗಳನ್ನು ಊರಿನ ಹಳೆಯ ಕ್ಲಬ್ಬುಗಳ ಮೈದಾನಗಳಲ್ಲಿ ಆಡಿಸಬೇಕಾಯಿತು. ಸೆಂತೆನಾರಿಯೊ ಬಾಗಿಲು ತೆರೆದದ್ದು ಸಂವಿಧಾನದ ನೂರನೆಯ ವರ್ಷದ ದಿನದಂದೇ, 1930ರ ಜುಲೈ 18ರಂದು. ಪೆರು ವಿರುದ್ಧ ಅಲ್ಲಿ ಮೊದಲ ಗೋಲು ಹೊಡೆದವನು ಹೆಕ್ಟರ್ ಕಾಸ್ತ್ರೊ. ಬಾಲ್ಯದಲ್ಲಿ ವಿದ್ಯುತ್ ಗರಗಸಕ್ಕೆ ಸಿಕ್ಕಿ ಮುಂಗೈ ಕಳೆದುಕೊಂಡಿದ್ದ ಆಟಗಾರ. ಜುಲೈ 30ರ ಅಂತಿಮ ಪಂದ್ಯದಲ್ಲಿ ಯಾರ ಚೆಂಡಿನಿಂದ ಆಡಬೇಕೆಂಬುದೇ ಜಗಳವಾಗಿ, ಕೊನೆಗೆ ಮೊದಲರ್ಧ ಅರ್ಜೆಂಟೀನಾದ ಚೆಂಡು, ಉಳಿದರ್ಧ ಉರುಗ್ವೆಯ ಚೆಂಡು ಎಂದು ತೀರ್ಮಾನವಾಯಿತು. ಅರ್ಧ ವೇಳೆಗೆ 2–1ರಿಂದ ಹಿಂದಿದ್ದ ಉರುಗ್ವೆ ಕೊನೆಗೆ 4–2ರಿಂದ ಗೆದ್ದಿತು. ಕೊನೆಯ ಗೋಲು ಅದೇ ಕಾಸ್ತ್ರೊನದು.

ಈಗ ಕಟ್ಟಡವನ್ನು ಓದೋಣ. ಅದರ ಒಂದು ಗ್ಯಾಲರಿಯ ಹೆಸರು ಕೊಲೊಂಬ್, ಎದುರಿನದು ಆಮ್‌ಸ್ಟರ್‌ಡಾಮ್. ನಮ್ಮ ಶಾಸನಗಳಲ್ಲಿ ಅರಸ ಗೆದ್ದ ಊರುಗಳೆಲ್ಲ ಪ್ರಶಸ್ತಿಭಾಗದಲ್ಲಿ ಬಿರುದುಗಳಾಗಿ ಬರುತ್ತವಲ್ಲವೆ? ಇದೂ ಹಾಗೆಯೇ. ಮೇಲೆ 100 ಮೀಟರ್ ಎತ್ತರದ ಗೋಪುರವೊಂದು ವಿಜಯಸ್ತಂಭದಂತೆ ನಿಂತಿದೆ. ಆದರೆ ಪ್ರಶಸ್ತಿಯಲ್ಲಿ ಅರಸನ ಹೆಸರು ಉಳಿಯುತ್ತದೆ, ಕಾದಿದ ಆಳಿನ ಹೊಟ್ಟೆಪಾಡು ಉಳಿಯುವುದಿಲ್ಲ. ಪ್ಯಾರಿಸಿನ ಜನ ಬೆರಗಾಗಿ ನೋಡಿದ್ದ ಅಂದ್ರಾದೆ 1957ರಲ್ಲಿ ಮೊಂಟೆವಿಡಿಯೊದಲ್ಲಿ ಕಡುಬಡತನದಲ್ಲಿ ತೀರಿಕೊಂಡ.

ಈ ನಾಡಿನ ಅತಿ ದೊಡ್ಡ ಗೆಲುವು ಮಾತ್ರ ದೊರೆತದ್ದು ಪರರ ಅಂಗಳದಲ್ಲಿ. 1950ರ ಜುಲೈ 16ರಂದು ರಿಯೊ ನಗರದ ಮರಕಾನಾದಲ್ಲಿ ಸುಮಾರು ಎರಡು ಲಕ್ಷ ಜನ ಸೇರಿದ್ದರು. ಅಂದಿನ ಇಡೀ ಉರುಗ್ವೆಯ ಜನಸಂಖ್ಯೆಯ ಹತ್ತರಲ್ಲೊಂದು ಪಾಲಿಗೆ ಸಮೀಪದ ಸಂಖ್ಯೆ. ಪಂದ್ಯ ಸಮವಾದರೂ ಬ್ರೆಜಿಲಿಗೆ ಕಪ್ಪು. ಬ್ರೆಜಿಲ್ ಮೊದಲ ಗೋಲು ಹೊಡೆದಾಗ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ನಿಧಾನವಾಗಿ ನಡೆದು, ತೀರ್ಪುಗಾರರೊಡನೆ ಚರ್ಚೆಗೆ ನಿಂತ. ಗದ್ದಲದ ಬಿಸಿ ಇಳಿಯುವಷ್ಟು ಹೊತ್ತು ಸಿಕ್ಕಿತು. ಆಮೇಲೆ ಸ್ಕಿಯಾಫಿನೊ ಒಂದು, ಗಿಜ್ಜಿಯಾ ಒಂದು ಗೋಲು ಹೊಡೆದು 2–1 ಆಯಿತು. ಮರಕಾನಾ ಮೂಕವಾಯಿತು. ಮೊಂಟೆವಿಡಿಯೊದ ಮನೆಗಳಲ್ಲಿ ಜನ ಆ ಗೆಲುವನ್ನು ಕಂಡದ್ದು ಕಾರ್ಲೋಸ್ ಸೊಲೆ ಎಂಬ ವೀಕ್ಷಕವಿವರಣೆಗಾರನ ಬಾನುಲಿಯ ದನಿಯಲ್ಲಿ.

ಇಷ್ಟರವರೆಗೆ ಇದು ಸಂತೋಷದ ಕಥೆ. 1973ರ ಜೂನ್ 27ರಂದು ಕಥೆ ತಿರುಗಿತು. ಅಧ್ಯಕ್ಷ ಬೊರ್ದಾಬೆರ್ರಿ ಸೈನ್ಯದ ಬೆಂಬಲದಿಂದ ಸಂಸತ್ತನ್ನು ವಿಸರ್ಜಿಸಿದರು. ಕ್ರೀಡಾಂಗಣಕ್ಕಿಂತ ಐದು ವರ್ಷ ಮೊದಲು, 1925ರಲ್ಲಿ, ಅಷ್ಟೇ ಹೆಮ್ಮೆಯಿಂದ ಉದ್ಘಾಟಿಸಿದ್ದ ಭವ್ಯವಾದ ಸಂಸದ್ಭವನದಲ್ಲಿ ಜನಪ್ರತಿನಿಧಿಗಳ ಮಾತು ನಿಂತಿತು. ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದಾಗ ಬಂಧಿತರನ್ನು ಅದೇ ನಗರದ ಒಳಾಂಗಣ ಕ್ರೀಡಾಗೃಹವೊಂದರಲ್ಲಿ ಕೂಡಿಹಾಕಿದರು. ಪಕ್ಷಗಳಿಗೆ, ಪತ್ರಿಕೆಗಳಿಗೆ, ಕಾರ್ಮಿಕ ಸಂಘಗಳಿಗೆ ಬೀಗ ಬಿತ್ತು. ಸಾವಿರಾರು ಜನ ಸೆರೆಮನೆ ಸೇರಿದರು. ತೆರೆದಿದ್ದದ್ದು ಫುಟ್‌ಬಾಲ್ ಕ್ರೀಡಾಂಗಣ ಮಾತ್ರ.

ಅಧಿಕಾರವನ್ನು ಶಾಶ್ವತಗೊಳಿಸಿಕೊಳ್ಳಲು ಸೈನ್ಯ ಹೊಸ ಸಂವಿಧಾನವೊಂದನ್ನು ಬರೆಸಿ 1980ರ ನವೆಂಬರ್ 30ರಂದು ಜನರ ಮತಕ್ಕೆ ಹಾಕಿತು. ಅದರ ಬೆನ್ನಿಗೇ ವಿಶ್ವಕಪ್ಪಿನ ಸುವರ್ಣೋತ್ಸವದ ನೆಪದಲ್ಲಿ, ಕಪ್ಪು ಗೆದ್ದಿದ್ದ ದೇಶಗಳನ್ನೆಲ್ಲ ಕರೆಸಿ ಸೆಂತೆನಾರಿಯೊದಲ್ಲಿ ಪಂದ್ಯಾವಳಿ ನಡೆಸುವ ಏರ್ಪಾಡಾಗಿತ್ತು. ಒಲ್ಲೆನೆಂದ ಇಂಗ್ಲೆಂಡಿಗೆ ಬದಲಾಗಿ ಹಾಲೆಂಡ್ ಬಂತು. ಮತದಲ್ಲಿ ಗೆದ್ದು ಆಟದಲ್ಲಿ ಮೆರೆಯಬೇಕೆಂಬುದು ಲೆಕ್ಕಾಚಾರ. ಆದರೆ ಬಾಯಿ ಕಟ್ಟಿಸಿಕೊಂಡಿದ್ದ ಜನ ಮತಗಟ್ಟೆಯಲ್ಲಿ ಮಾತಾಡಿದರು. ನೂರಕ್ಕೆ ಸುಮಾರು 57 ಮಂದಿ ಒಲ್ಲೆವೆಂದರು.

ಹೀಗೆ ಮತದಲ್ಲಿ ಸೋತ ಸರ್ವಾಧಿಕಾರ ತಾನೇ ಹೂಡಿದ ಉತ್ಸವವನ್ನು ನಡೆಸಬೇಕಾಯಿತು. 1981ರ ಜನವರಿ 10ರಂದು ಅಂತಿಮ ಪಂದ್ಯ. ಎದುರಾಳಿ ಮತ್ತೆ ಬ್ರೆಜಿಲ್. ಫಲಿತಾಂಶ ಮತ್ತೆ 2–1, ಉರುಗ್ವೆಗೆ ಜಯ. ಜನ ಕುಣಿದರು, ತಮ್ಮ ತಂಡವನ್ನು ಹೊಗಳಿದರು. ಅದರ ನಡುವೆಯೇ ಗ್ಯಾಲರಿಗಳಿಂದ ಮತ್ತೊಂದು ಘೋಷ ಎದ್ದಿತು, ಸೈನಿಕ ಸರ್ವಾಧಿಕಾರ ಮುಗಿಯಲಿದೆ ಎಂದು. ಸಾವಿರ ಕಂಠಗಳಲ್ಲಿ ಯಾವ ಕಂಠವನ್ನು ಹಿಡಿಯುವುದು? ಆ ನಾಡಿನ ರಾಷ್ಟ್ರಗೀತೆಯಲ್ಲಿ ಪ್ರಜಾಪೀಡಕರನ್ನು ಎಚ್ಚರಿಸುವ ಮಾತೊಂದಿದೆ. ಆ ವರ್ಷಗಳಲ್ಲಿ ಜನ ಗೀತೆಯ ಉಳಿದ ಭಾಗವನ್ನು ತಗ್ಗಿದ ದನಿಯಲ್ಲಿ ಹಾಡಿ, ಆ ಮಾತು ಬಂದೊಡನೆ ಕಿತ್ತುಹೋಗುವಂತೆ ಕೂಗುತ್ತಿದ್ದರಂತೆ. ರಾಷ್ಟ್ರಗೀತೆಯನ್ನು ಹಾಡಿದ್ದು ಅಪರಾಧವೆನ್ನಲು ಯಾರಿಗೆ ಸಾಧ್ಯ?

ನಮ್ಮ ದಾನಶಾಸನಗಳ ಕೊನೆಗೆ ಶಾಪಾಶಯವಿರುತ್ತದೆ. ಈ ಧರ್ಮವನ್ನು ಅಳಿದವನಿಗೆ ಇಂಥ ಪಾಪ ತಟ್ಟಲಿ ಎಂಬ ಮಾತು. ಪಾಠ ಹೇಳುವಾಗ ನಾನದನ್ನು ವಾಡಿಕೆಯ ಸಾಲೆಂದು ಬೇಗ ದಾಟುತ್ತಿದ್ದೆ. ಹಲವರು ಹಾಗೆಯೇ ಮಾಡುತ್ತಾರೆ. ಸೆಂತೆನಾರಿಯೊ ಒಂದು ಸಂವಿಧಾನದ ಹೆಸರಿನಲ್ಲಿ ನಿಂತ ಶಾಸನ. ಅದರ ಕಾಂಕ್ರೀಟಿನಲ್ಲಿ ಪ್ರಶಸ್ತಿಯಿತ್ತು, ಬಿರುದುಗಳಿದ್ದವು, ಶಾಪಾಶಯ ಮಾತ್ರ ಇರಲಿಲ್ಲ. ಐವತ್ತು ವರ್ಷಗಳ ಬಳಿಕ ಅದನ್ನು ಸೇರಿಸಿದವರು ಟಿಕೆಟು ಕೊಂಡು ಬಂದು ಕುಳಿತ ಜನ.

1984ರಲ್ಲಿ ಚುನಾವಣೆ ನಡೆದು 1985ರ ಮಾರ್ಚಿನಲ್ಲಿ ಉರುಗ್ವೆಗೆ ಪ್ರಜಾಪ್ರಭುತ್ವ ಮರಳಿತು. ಸಂಸದ್ಭವನದಲ್ಲಿ ಮತ್ತೆ ಮಾತು ಕೇಳಿಸಿತು. ಮೊದಲ ವಿಶ್ವಕಪ್ಪಿನ ಶತಮಾನೋತ್ಸವದ ಗೌರವಾರ್ಥವಾಗಿ 2030ರ ಒಂದು ಪಂದ್ಯ ಮೊಂಟೆವಿಡಿಯೊದಲ್ಲಿ ನಡೆಯಬೇಕೆಂದು ನಿಶ್ಚಯವಾಗಿದೆ. ಆ ದಿನ 1930ರ ಗೋಲುಗಳ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. 1980ರ ನವೆಂಬರಿನ ಮತಗಳ ಲೆಕ್ಕವನ್ನೂ ಯಾರಾದರೂ ಜೊತೆಗೆ ಹೇಳಿದರೆ ಆ ಕಟ್ಟಡದ ಹೆಸರಿಗೆ ಪೂರ್ತಿ ಅರ್ಥ ಬಂದೀತು.